ಬೈಕ್ ಬ್ಯಾಟರಿ: ಅಗ್ಗದ್ದು ಸಾಕೋ, ದುಬಾರಿಯದ್ದೇ ಬೇಕೋ?

ಹ್ಯಾಂಡಲ್‌ಬಾರ್

ಎರಡು ಗಾಡಿಗೂ ಒಟ್ಟಿಗೇ ಬ್ಯಾಟರಿ ಬದಲಿಸುವ ಹೊತ್ತು ಬಂದಿದೆ. ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಮೊದಲನೆಯದು ಫ್ಯೂಯಲ್ ಇಂಜೆಕ್ಷನ್ ಗಾಡಿ. ಎಬಿಎಸ್ ಇದೆ, ಕಿಕ್ಕರ್ ಇಲ್ಲ. ಬ್ಯಾಟರಿ ವೈಟಿಎಕ್ಸ್9-ಬಿಎಸ್, 12 ವೋಲ್ಟ್ 8 ಎಎಚ್ (ಆಂಪ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನುವ ಅಳತೆ). ಮೇಲೆ ಒಂದು ಜಿಪಿಎಸ್ ಟ್ರ್ಯಾಕರ್ ಹಾಕಿಸಿದೆ. ಒಮ್ಮೊಮ್ಮೆ ಎರಡು ವಾರ ಗಾಡಿ ತೆಗೆಯುವುದೇ ಇಲ್ಲ. ಈಗ ಬೆಳಿಗ್ಗೆ ಮೀಟರ್ ಇಟ್ಟರೆ 11.9 ತೋರಿಸುತ್ತೆ. ಸೆಲ್ಫ್ ಒತ್ತಿದರೆ ಟಕ್ ಟಕ್ ಅಂದು ಡಿಸ್‌ಪ್ಲೇ ಆರಿ ಹತ್ತುತ್ತೆ.

ಎರಡನೆಯದು ಹಳೇ ಕಾರ್ಬ್ಯುರೇಟರ್ ಗಾಡಿ. ಸೆಲ್ಫು ಕಿಕ್ಕು ಎರಡೂ ಇವೆ. ನೀರು ಹಾಕುವ ಬ್ಯಾಟರಿ, 5 ಎಎಚ್. ಹಾರ್ನ್ ಹೊಡೆದರೆ ಹೆಡ್‌ಲೈಟ್ ಮಂಕಾಗುತ್ತೆ.

ಕಣ್ಣ ಮುಂದಿರುವ ಆಯ್ಕೆಗಳು: ಹೆಸರು ಕೇಳದ ಕಂಪನಿಯ ಸೀಲ್ಡ್ ಬ್ಯಾಟರಿ (ಅದರ ಮೇಲೆ 9 ಎಎಚ್ ಅಂತ ಬರೆದಿದೆ, ಒರಿಜಿನಲ್‌ಗಿಂತ ಜಾಸ್ತಿ!), ಅದರ ಎರಡರಷ್ಟು ಬೆಲೆಯ ಹೆಸರಾಂತ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ ಸೀಲ್ಡ್ ಬ್ಯಾಟರಿ), ಮತ್ತು ಅದಕ್ಕೂ ದುಪ್ಪಟ್ಟು ಬೆಲೆಯ ಲಿಥಿಯಂ. ದುಡ್ಡು ದುಪ್ಪಟ್ಟಾದರೆ ಆಯಸ್ಸೂ ದುಪ್ಪಟ್ಟಾಗುತ್ತಾ? ಹೆಚ್ಚಿನ ದುಡ್ಡು ಒಳಗೆ ಯಾವುದಕ್ಕೆ ಹೋಗುತ್ತೆ? ಕೊಳ್ಳುವಾಗ ಏನು ನೋಡಬೇಕು?

ಮಲ್ಟಿಮೀಟರ್

ಕೊಳ್ಳುವ ಮಾತು ಆಮೇಲೆ. ಮೊದಲನೇ ಗಾಡಿಯ ಬ್ಯಾಟರಿ ಯಾಕೆ ಸೋತಿತು ಅಂತ ತಿಳಿಯದೆ ಹೊಸದು ಹಾಕಿದರೆ ಬ್ಯಾಟರಿ ಹೊಸದು, ಕಾಯಿಲೆ ಹಳೇದು ಅಂತ ಆಗುತ್ತೆ. ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಸಾಕು, ನಾಲ್ಕು ಪರೀಕ್ಷೆ ಇದೇ ಕ್ರಮದಲ್ಲಿ ಮಾಡಿ.

ಒಂದು, ಬ್ಯಾಟರಿ ಬಿಚ್ಚಿ 0.8 ಆಂಪ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ. 8 ಎಎಚ್‌ಗೆ ಹತ್ತರಲ್ಲೊಂದು ಭಾಗ, ಅಷ್ಟೇ ಲೆಕ್ಕ. ಕಾರಿನ 5 ಆಂಪ್ ಚಾರ್ಜರ್ ಇದಕ್ಕೆ ಹಾಕಬೇಡಿ, ಒಳಗೆ ಬಿಸಿಯಾಗಿ ಗ್ಯಾಸ್ ಎದ್ದು ಸೀಲ್ಡ್ ಬ್ಯಾಟರಿ ಒಣಗಿ ಹೋಗುತ್ತೆ. ಚಾರ್ಜ್ ಮುಗಿದ ಕೂಡಲೇ ಅಳೆದ ವೋಲ್ಟೇಜ್ ನಂಬುವ ಹಾಗಿಲ್ಲ, ಅದು ಮೇಲ್ಮೇಲಿನ ಚಾರ್ಜ್. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಎಜಿಎಂ ಆದರೆ 12.8ರ ಮೇಲಿದ್ದರೆ ತುಂಬಿದೆ, 12.5 ಇದ್ದರೆ ಮುಕ್ಕಾಲು, 12.2 ಅಂದರೆ ಅರ್ಧಕ್ಕೆ ಬಂದಿದೆ, 12ಕ್ಕಿಂತ ಕೆಳಗೆ ಹೆಚ್ಚುಕಡಿಮೆ ಖಾಲಿ. ರಾತ್ರಿಯಿಡೀ ಚಾರ್ಜ್ ಮಾಡಿದರೂ 10.5ರ ಹತ್ತಿರ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿದೆ, ಅದಕ್ಕೆ ಮದ್ದಿಲ್ಲ.

ಎರಡು, ಸೆಲ್ಫ್ ಒತ್ತುವಾಗ ಬ್ಯಾಟರಿ ಕಂಬಗಳ (ಟರ್ಮಿನಲ್) ಮೇಲೆ ವೋಲ್ಟೇಜ್ ನೋಡಿ. ಮೀಟರ್‌ನಲ್ಲಿ ಮಿನ್-ಮ್ಯಾಕ್ಸ್ ಬಟನ್ ಇದ್ದರೆ ಸುಲಭ, ಇಲ್ಲದಿದ್ದರೆ ಒಬ್ಬರು ಒತ್ತಿ ಇನ್ನೊಬ್ಬರು ನೋಡಿ. 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಬಲಹೀನ. ನಿಮ್ಮ ಡಿಸ್‌ಪ್ಲೇ ಆರಿ ಹತ್ತುವುದು ಇದೇ ಕಾರಣಕ್ಕೆ. ವೋಲ್ಟೇಜ್ ಅಷ್ಟು ಕುಸಿದಾಗ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ರೀಸೆಟ್ ಆಗುತ್ತೆ, ಸ್ಟಾರ್ಟರ್ ರಿಲೇ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು) ಹಿಡಿದು ಬಿಟ್ಟು ಮಾಡುತ್ತೆ. ಟಕ್ ಟಕ್ ಸದ್ದು ಆ ರಿಲೇದೇ.

ಇದೇ ಹೊತ್ತಲ್ಲಿ ವೈರಿಂಗ್‌ನ ನಷ್ಟವನ್ನೂ ಅಳೆಯಿರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಬೋಲ್ಟಿನ ಮೇಲಲ್ಲ, ಸೀಸದ ಮೇಲೆ), ಇನ್ನೊಂದು ಇಂಜಿನ್ ಕೇಸಿನ ಬರಿ ಲೋಹದ ಮೇಲೆ. ಸೆಲ್ಫ್ ಒತ್ತುವಾಗ 0.2 ವೋಲ್ಟ್ ದಾಟಬಾರದು. ಪ್ಲಸ್ ಕಡೆ, ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿನ ಬೋಲ್ಟಿನವರೆಗೆ 0.5 ಒಳಗಿರಬೇಕು. ಜಾಸ್ತಿ ಬಂದರೆ ತುಕ್ಕು ಹಿಡಿದ ಅರ್ತ್ ಪಾಯಿಂಟ್, ಸಡಿಲ ಬೋಲ್ಟ್ ಅಥವಾ ಸುಟ್ಟ ರಿಲೇ ಹುಡುಕಿ. ಎಷ್ಟೋ ಜನ ಇದೊಂದನ್ನು ನೋಡದೆ ದುಬಾರಿ ಬ್ಯಾಟರಿ ಕೊಂಡು ಸುಮ್ಮನಾಗುತ್ತಾರೆ. ಹೊಸ ಬ್ಯಾಟರಿ ತಾಕತ್ತಿನಿಂದ ನಾಲ್ಕು ದಿನ ಎಳೆಯುತ್ತೆ, ಆಮೇಲೆ ಮತ್ತದೇ.

ಮೂರು, ಚಾರ್ಜಿಂಗ್. ಇಂಜಿನ್ ಬಿಸಿಯಾದ ಮೇಲೆ ಹೆಡ್‌ಲೈಟ್ ಹಾಕಿ 4000-5000 ಆರ್‌ಪಿಎಂನಲ್ಲಿ 13.8ರಿಂದ 14.5 ಬರಬೇಕು. 13.5ಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಯಾವತ್ತೂ ತುಂಬುವುದಿಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಯಾವ ಬ್ರಾಂಡ್ ಹಾಕಿದರೂ ಅದನ್ನು ಬೇಯಿಸಿ ಹಾಕುತ್ತೆ.

ನಾಲ್ಕು, ಸೋರಿಕೆ. ಕೀ ಆಫ್ ಮಾಡಿ ಮೈನಸ್ ಕೇಬಲ್ ಬಿಚ್ಚಿ. ಮೀಟರನ್ನು ಆಂಪ್‌ಗೆ ಹಾಕಿ ಕೇಬಲ್ಲಿಗೂ ಕಂಬಕ್ಕೂ ನಡುವೆ ಸೇರಿಸಿ. ಶುರುವಿಗೆ 10 ಆಂಪ್ ತೂತು, ಕರೆಂಟ್ ಸಣ್ಣದು ಅಂತ ಖಾತ್ರಿಯಾದ ಮೇಲೆ ಮಿಲಿಆಂಪ್ ತೂತು. ಮಧ್ಯದಲ್ಲಿ ಮರೆತು ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಗುತ್ತೆ. ಮೂಲ ವೈರಿಂಗ್‌ಗೆ ಗಡಿಯಾರ, ಇಸಿಯು ಮೆಮೊರಿ ಎಲ್ಲ ಸೇರಿ ಒಂದೆರಡು ಮಿಲಿಆಂಪ್ ಸಾಕು. ಟ್ರ್ಯಾಕರ್ ಇರುವುದರಿಂದ ಜಾಸ್ತಿ ಬರುತ್ತೆ, ಎಷ್ಟು ಅಂತ ಇಲ್ಲಿ ಹಾಕಿ.

ಸೀಸದಪ್ಲೇಟು

ಮೇಲಿನವರು ಹೇಳಿದ್ದು ಸರಿ. ನಾನು ಎರಡನೇ ಪ್ರಶ್ನೆಗೆ ಬರುತ್ತೇನೆ, ದುಡ್ಡು ಎಲ್ಲಿಗೆ ಹೋಗುತ್ತೆ.

ಮೊದಲಿಗೆ ಸೀಸ. ಒಂದೇ ಅಳತೆಯ ಎರಡು ಬ್ಯಾಟರಿಯನ್ನು ತೂಗಿ ನೋಡಿ, ಇದಕ್ಕಿಂತ ನೇರ ಪರೀಕ್ಷೆ ಇಲ್ಲ. ನಿಮ್ಮ ಮಾದರಿ 150×87×105 ಮಿಲಿಮೀಟರ್, ಆಸಿಡ್ ತುಂಬಿದ ಮೇಲೆ ಸುಮಾರು 3 ಕಿಲೋ ತೂಗಬೇಕು. ಅದೇ ಡಬ್ಬದಲ್ಲಿ ಅರ್ಧ ಕಿಲೋ ಕಡಿಮೆ ಬಂದರೆ ಪ್ಲೇಟುಗಳು ತೆಳು ಅಥವಾ ಸಂಖ್ಯೆ ಕಡಿಮೆ. ಮೇಲೆ 9 ಎಎಚ್ ಅಂತ ಬರೆಯಲು ಶಾಯಿ ಮಾತ್ರ ಸಾಕಲ್ಲ!

ಆ 9ರ ಬಗ್ಗೆ ಇನ್ನೊಂದು ಮಾತು. ಬೈಕ್ ಬ್ಯಾಟರಿಯ ಎಎಚ್ ಸಾಮಾನ್ಯವಾಗಿ 10 ಗಂಟೆ ದರದ್ದು: 8 ಎಎಚ್ ಅಂದರೆ 0.8 ಆಂಪ್‌ನಂತೆ 10 ಗಂಟೆ. ಅದೇ ಬ್ಯಾಟರಿಯನ್ನು 20 ಗಂಟೆ ದರದಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಅಂಕಿ ಸ್ವಲ್ಪ ಜಾಸ್ತಿ ಬರುತ್ತೆ. ಆ ದೊಡ್ಡ ಅಂಕಿಯನ್ನೇ ಲೇಬಲ್ಲಿಗೆ ಹಾಕುವವರಿದ್ದಾರೆ. ಲೇಬಲ್ಲಿನಲ್ಲಿ 10ಎಚ್‌ಆರ್ ಅಂತ ಇದೆಯೋ 20ಎಚ್‌ಆರ್ ಅಂತ ಇದೆಯೋ ನೋಡಿ. ಎರಡೂ ಇಲ್ಲದಿದ್ದರೆ ಆ ಅಂಕಿಗೆ ಬೆಲೆ ಇಲ್ಲ.

ಸೆಲ್ಫ್ ಎತ್ತುವ ಶಕ್ತಿಗೆ ಅಳತೆ ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್). ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಕಾಲ 7.2 ವೋಲ್ಟಿಗಿಂತ ಕೆಳಗಿಳಿಯದೆ ಎಷ್ಟು ಆಂಪ್ ಕೊಡುತ್ತೆ ಅನ್ನುವುದು. ನಿಮ್ಮ ಗಾತ್ರಕ್ಕೆ ಒಳ್ಳೆ ತಯಾರಕರು 120-135 ಆಸುಪಾಸು ಬರೆಯುತ್ತಾರೆ. ಚಳಿ ಬೀಳದ ಊರಿನವರಿಗೆ ಮೈನಸ್ 18ರ ಲೆಕ್ಕ ಯಾಕೆ ಅನ್ನಬೇಡಿ. ಅದು ಒಳರೋಧ ಎಷ್ಟು ಕಡಿಮೆ ಅನ್ನುವುದರ ಸೂಚನೆ. ಅಗ್ಗದ ಬ್ಯಾಟರಿಗಳ ಮೇಲೆ ಈ ಅಂಕಿಯೇ ಇರುವುದಿಲ್ಲ, ಅದೂ ಒಂದು ಉತ್ತರವೇ.

ಇನ್ನು ಕಣ್ಣಿಗೆ ಕಾಣದ್ದು. ಪ್ಲೇಟುಗಳ ನಡುವೆ ಗಾಜಿನ ನಾರಿನ ಹಾಸು ಇರುತ್ತಲ್ಲ, ಎಜಿಎಂ ಅನ್ನುವುದು ಅದಕ್ಕೇ, ಅದನ್ನು ಬಿಗಿಯಾಗಿ ಒತ್ತಿ ಕೂರಿಸಿರಬೇಕು. ಸಡಿಲ ಇದ್ದರೆ ಗಾಡಿ ಅದುರಿದ ಹಾಗೆಲ್ಲ ಪ್ಲೇಟಿನ ಮೇಲಿನ ಪೇಸ್ಟ್ ಉದುರುತ್ತೆ, ಎಎಚ್ ಕರಗುತ್ತೆ. ಒಂದು ಸೆಲ್ಲಿಂದ ಇನ್ನೊಂದಕ್ಕೆ ಹೋಗುವ ಬೆಸುಗೆ ಕಳಪೆಯಾದರೆ ಇನ್ನೂ ಕೆಟ್ಟದ್ದು: ಮೀಟರ್ ಇಟ್ಟರೆ 12.7 ಅಂತ ಚೆನ್ನಾಗೇ ತೋರಿಸುತ್ತೆ, ಸೆಲ್ಫ್ ಒತ್ತಿದ ಕೂಡಲೇ ಸೊನ್ನೆ. ಮುನ್ಸೂಚನೆ ಇಲ್ಲದೆ ನಡುದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಈ ಬಗೆಯದ್ದು. ಸೀಸಕ್ಕೆ ಬೆರೆಸುವ ಕ್ಯಾಲ್ಸಿಯಂ, ತವರ ಮತ್ತು ಶುದ್ಧತೆ ಸರಿಯಿದ್ದರೆ ಸುಮ್ಮನಿಟ್ಟಾಗ ತನ್ನಷ್ಟಕ್ಕೆ ಇಳಿಯುವುದು ಕಡಿಮೆ. ಒಳ್ಳೆ ಎಜಿಎಂ 25 ಡಿಗ್ರಿಯಲ್ಲಿ ತಿಂಗಳಿಗೆ ನೂರಕ್ಕೆ ಮೂರರಷ್ಟು ಇಳಿದರೆ ಹೆಚ್ಚು. ಬಿಸಿ 10 ಡಿಗ್ರಿ ಏರಿದರೆ ಅದು ದುಪ್ಪಟ್ಟು.

ಆಯಸ್ಸು ದುಪ್ಪಟ್ಟಾಗುತ್ತಾ ಅಂತ ಕೇಳಿದಿರಿ. ದಿನಾ ಓಡುವ, ಚಾರ್ಜಿಂಗ್ ಸರಿಯಿರುವ ಗಾಡಿಯಲ್ಲಿ ಆಗಬಹುದು. ನಿಮ್ಮ ಹಾಗೆ ಟ್ರ್ಯಾಕರ್ ಹಾಕಿ ಎರಡು ವಾರ ನಿಲ್ಲಿಸುವ ಗಾಡಿಯಲ್ಲಿ ಆಗಲ್ಲ. ಅರೆಬರೆ ಖಾಲಿಯಾಗಿ ಕೂತ ಬ್ಯಾಟರಿಯಲ್ಲಿ ಲೆಡ್ ಸಲ್ಫೇಟ್ ಹರಳು ಗಟ್ಟಿಯಾಗುತ್ತೆ, ಆಮೇಲೆ ಚಾರ್ಜ್ ಮಾಡಿದರೂ ಕರಗಲ್ಲ. ಈ ವಿಷಯದಲ್ಲಿ ದುಬಾರಿ ಬ್ಯಾಟರಿಗೂ ಅಗ್ಗದ್ದಕ್ಕೂ ಭೇದವಿಲ್ಲ, ಎರಡೂ ಸಾಯುತ್ತವೆ.

ಕೊನೆಗೆ ತಯಾರಿಕೆ ದಿನಾಂಕ. ತುಂಬಿಸಿ ಸೀಲ್ ಮಾಡಿ ಬಂದ ಬ್ಯಾಟರಿ ಕಪಾಟಿನಲ್ಲಿ ಆರು ತಿಂಗಳು ದಾಟಿದ್ದರೆ ಅಲ್ಲೇ ಮೀಟರ್ ಇಟ್ಟು ನೋಡಿ. 12.5ಕ್ಕಿಂತ ಕಡಿಮೆ ಇದ್ದರೆ ಬೇಡ ಅನ್ನಿ. ವರ್ಷ ಕೂತ ಪ್ರೀಮಿಯಂಗಿಂತ ಹೋದ ತಿಂಗಳ ಮಧ್ಯಮ ಬೆಲೆಯದ್ದು ಮೇಲು.

ಕಿಕ್ಕರ್ ಗುರು

ಎಲ್ಲರೂ ಮೊದಲನೇ ಗಾಡಿ ಹಿಂದೆ ಬಿದ್ದಿದ್ದಾರೆ, ಪಾಪ ಹಳೇ ಗಾಡಿ. ಅದಕ್ಕೆ ಪ್ರೀಮಿಯಂ ಬೇಡವೇ ಬೇಡ ಗುರು. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಕಿಡಿ ಬರುವುದು ನೇರ ಮ್ಯಾಗ್ನೆಟ್ ಕಾಯಿಲಿನಿಂದ, ಎಸಿ ಸಿಡಿಐ ಅಂತಾರೆ. ಬ್ಯಾಟರಿ ಪೂರ್ತಿ ಸತ್ತರೂ ಒಂದು ಕಿಕ್ಕಿಗೆ ಶುರು. ಅಂಥ ಕಡೆ ಬ್ಯಾಟರಿ ಕೆಲಸ ಹಾರ್ನು, ಇಂಡಿಕೇಟರು, ಸೆಲ್ಫು ಇಷ್ಟೇ. ಆದರೆ ಕಿಡಿಗೆ ಬ್ಯಾಟರಿಯನ್ನೇ ನಂಬುವ ಡಿಸಿ ಸಿಡಿಐ ಇರುವ ಗಾಡಿಗಳೂ ಇವೆ, ಅವಕ್ಕೆ ಬ್ಯಾಟರಿ ಸತ್ತರೆ ಕಿಕ್ ಹೊಡೆದು ಕಾಲು ನೋವು ಬರಿಸಿಕೊಳ್ಳಬೇಕಷ್ಟೇ. ನಿಮ್ಮದು ಯಾವುದು ಅಂತ ನೋಡಲು ಬ್ಯಾಟರಿ ಫ್ಯೂಸ್ ತೆಗೆದು ಒಮ್ಮೆ ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ಎಸಿ. ಕೂಡಲೇ ಆಫ್ ಮಾಡಿ, ಫ್ಯೂಸ್ ಇಲ್ಲದೆ ರೇಸ್ ಮಾಡಬೇಡಿ. ವೋಲ್ಟೇಜ್ ತಡೆಯುವ ಬ್ಯಾಟರಿ ಇಲ್ಲದೆ ಬಲ್ಬು, ರೆಗ್ಯುಲೇಟರ್ ಸುಟ್ಟೀತು.

ನೀರಿನ ಬ್ಯಾಟರಿ ಕೆಟ್ಟದ್ದಲ್ಲ, ನೋಡಿಕೊಳ್ಳಬೇಕು ಅಷ್ಟೇ. ತಿಂಗಳಿಗೊಮ್ಮೆ ಅಪ್ಪರ್-ಲೋವರ್ ಗೆರೆ ನೋಡಿ. ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಆಸಿಡ್ ಹಾಕಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತೆ. ಮತ್ತೆ ಆಸಿಡ್ ಸುರಿದರೆ ತೀಕ್ಷ್ಣವಾಗಿ ಪ್ಲೇಟ್ ತಿಂದು ಹಾಕುತ್ತೆ. ನಲ್ಲಿ ನೀರಿನಲ್ಲಿ ಲವಣ ಇರುತ್ತೆ, ಅದೂ ಬೇಡ. ಹೊಸ ಬ್ಯಾಟರಿ ಹಾಕುವಾಗ ಪಕ್ಕದ ಸಣ್ಣ ಗಾಳಿ ತೂತಿನ ಕೆಂಪು ಟೋಪಿ ತೆಗೆದು ರಬ್ಬರ್ ಪೈಪ್ ಸಿಕ್ಕಿಸುವುದು ಮರೆಯಬೇಡಿ. ಟೋಪಿ ಹಾಗೇ ಬಿಟ್ಟರೆ ಗ್ಯಾಸ್ ಹೊರಹೋಗದೆ ಡಬ್ಬ ಉಬ್ಬಿ ಸೀಳುತ್ತೆ. ಪೈಪ್ ಚೈನಿನ ಮೇಲೋ ಫ್ರೇಮಿನ ಮೇಲೋ ತೊಟ್ಟಿಕ್ಕದ ಹಾಗೆ ಕೆಳಗಿನವರೆಗೂ ಇಳಿಸಿ.

ಅದೇ ಜಾಗಕ್ಕೆ ಸೀಲ್ಡ್ ಹಾಕುವ ಮನಸ್ಸಿದ್ದರೆ ಮೊದಲು ಚಾರ್ಜಿಂಗ್ ಅಳೆಯಿರಿ. ಹಳೇ ರೆಗ್ಯುಲೇಟರ್ ಕೆಲವು 15ರ ಹತ್ತಿರ ಕೊಡುತ್ತವೆ. ನೀರಿನದಾದರೆ ನೀರು ತುಂಬಿಸಿ ನಿಭಾಯಿಸಬಹುದು, ಸೀಲ್ಡ್‌ಗೆ ತುಂಬಿಸಲು ದಾರಿಯೇ ಇಲ್ಲ.

ಹಗುರ

ಲಿಥಿಯಂ ಬಗ್ಗೆ ಯಾರೂ ಮಾತಾಡಿಲ್ಲ, ಹೇಳಿಬಿಡುತ್ತೇನೆ. ಬೈಕಿಗೆ ಬರುವುದು ಲಿಥಿಯಂ ಐರನ್ ಫಾಸ್ಫೇಟ್. ನಾಲ್ಕು ಸೆಲ್, ನಿಂತಾಗ 13.2-13.4 ವೋಲ್ಟ್. 3 ಕಿಲೋ ಜಾಗದಲ್ಲಿ ಒಂದು ಕಿಲೋಗೂ ಕಡಿಮೆ ತೂಕ. ಸೆಲ್ಫ್ ಎಳೆತ ಜೋರು, ತನ್ನಷ್ಟಕ್ಕೆ ಇಳಿಯುವುದು ತೀರಾ ಕಡಿಮೆ. ರೇಸ್ ಗಾಡಿಗೆ ಹೇಳಿ ಮಾಡಿಸಿದ್ದು.

ಆದರೆ ಹ್ಯಾಂಡಲ್‌ಬಾರ್ ಅವರೇ, ನಿಮಗೆ ಬೇಡ. ಡಬ್ಬದ ಮೇಲೆ 8 ಅಥವಾ 9 ಎಎಚ್‌ಗೆ ಸಮಾನ ಅಂತ ಬರೆದಿರುತ್ತೆ, ಅದು ಸೆಲ್ಫ್ ಎತ್ತುವ ಶಕ್ತಿಯ ಹೋಲಿಕೆ. ಒಳಗಿನ ನಿಜವಾದ ಎಎಚ್ ಆ ಗಾತ್ರದಲ್ಲಿ 3ರ ಆಸುಪಾಸು. ಟ್ರ್ಯಾಕರ್ ಹೀರುತ್ತಾ ಕೂತರೆ ಸೀಸದ ಬ್ಯಾಟರಿಗಿಂತ ಬೇಗ ತಳ ಕಾಣುತ್ತೆ. ಪೂರ್ತಿ ಖಾಲಿಯಾದ ಲಿಥಿಯಂ ಸೆಲ್ ಮತ್ತೆ ಏಳುವುದು ಕಷ್ಟ. ಒಳಗೆ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಇದ್ದರೆ ತಾನೇ ಕಡಿದುಕೊಂಡು ಬದುಕುತ್ತೆ, ಅಗ್ಗದ ಲಿಥಿಯಂನಲ್ಲಿ ಅದು ಇರುತ್ತೆ ಅಂತ ಖಾತ್ರಿ ಇಲ್ಲ. ಅಗ್ಗದ ಸೀಸದ ಬ್ಯಾಟರಿ ಕೊಳ್ಳಬಹುದು, ಅಗ್ಗದ ಲಿಥಿಯಂ ಮಾತ್ರ ಬೇಡ.

ಹಾಕುವವರು ನೆನಪಿಡಬೇಕಾದ್ದು: ರೆಗ್ಯುಲೇಟರ್ 14.6 ದಾಟಬಾರದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಸೆಲ್ ಕೆಡುತ್ತೆ. ಡಿಸಲ್ಫೇಶನ್ (ಗಟ್ಟಿಯಾದ ಸಲ್ಫೇಟ್ ಒಡೆಯುವುದು) ಅನ್ನುವ ಮೋಡ್ ಇರುವ ಸೀಸದ ಚಾರ್ಜರ್ ಇದಕ್ಕೆ ಹಚ್ಚಲೇಬೇಡಿ, ಅದು 15ಕ್ಕಿಂತ ಮೇಲಿನ ಪಲ್ಸ್ ಕೊಡುತ್ತೆ.

ಹ್ಯಾಂಡಲ್‌ಬಾರ್

ಎಲ್ಲರಿಗೂ ಥ್ಯಾಂಕ್ಸ್. ಅಳೆದದ್ದು ಇಲ್ಲಿದೆ. ಪೂರ್ತಿ ಚಾರ್ಜ್ ಮಾಡಿ ರಾತ್ರಿ ಬಿಟ್ಟ ಮೇಲೆ 12.3. ಸೆಲ್ಫ್ ಒತ್ತಿದಾಗ 8.9. ಚಾರ್ಜಿಂಗ್ 14.2. ಮೈನಸ್ ಕಡೆ ನಷ್ಟ 0.6, ಪ್ಲಸ್ ಕಡೆ 0.3. ಸೋರಿಕೆ 14 ಮಿಲಿಆಂಪ್, ಟ್ರ್ಯಾಕರ್ ಕಪ್ಲರ್ ತೆಗೆದರೆ 1ಕ್ಕೆ ಇಳಿಯುತ್ತೆ. ಹಳೇ ಗಾಡಿ ಫ್ಯೂಸ್ ತೆಗೆದರೂ ಕಿಕ್ಕಿಗೆ ಬಂತು, ಚಾರ್ಜಿಂಗ್ 14.7.

ಈಗ ಏನು ಮಾಡಲಿ? ಹೆಸರಾಂತ ಎಜಿಎಂ ಆಸಿಡ್ ಬಾಟಲಿ ಬೇರೆಯಾಗಿ ಬರುತ್ತಂತೆ, ಅದನ್ನು ನಾನೇ ತುಂಬಬಹುದಾ?

ಮಲ್ಟಿಮೀಟರ್

ನಿಮ್ಮ ಅಂಕಿಗಳೇ ಎಲ್ಲ ಹೇಳುತ್ತಿವೆ. 12.3 ಮತ್ತು 8.9 ಅಂದರೆ ಬ್ಯಾಟರಿ ಮುಗಿದಿದೆ. ಚಾರ್ಜಿಂಗ್ ಸರಿಯಿದೆ. ಕೊಂದದ್ದು ಟ್ರ್ಯಾಕರ್: 14 ಮಿಲಿಆಂಪ್ ಅಂದರೆ ದಿನಕ್ಕೆ 0.336 ಎಎಚ್, ಎರಡು ವಾರಕ್ಕೆ 4.7. 8ರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಲಿಥಿಯಂನ 3 ಎಎಚ್ ಆಗಿದ್ದರೆ ಒಂಬತ್ತನೇ ದಿನಕ್ಕೆ ಸೊನ್ನೆ. ಟ್ರ್ಯಾಕರ್‌ನಲ್ಲಿ ಸ್ಲೀಪ್ ಸೆಟಿಂಗ್ ಇದ್ದರೆ ಹಾಕಿ. ಇಲ್ಲದಿದ್ದರೆ ವಾರಕ್ಕೊಮ್ಮೆ ಫ್ಲೋಟ್ (ತುಂಬಿದ ಮೇಲೆ ತಾನೇ ಕಡಿಮೆ ಮಾಡಿಕೊಳ್ಳುವ ಮೋಡ್) ಇರುವ ಸಣ್ಣ ಚಾರ್ಜರ್‌ಗೆ ಒಂದು ರಾತ್ರಿ ಸಿಕ್ಕಿಸಿ. ಐದು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿ ಚಾರ್ಜ್ ಆಯಿತು ಅಂದುಕೊಳ್ಳಬೇಡಿ. ಐಡಲ್‌ನಲ್ಲಿ ಬರುವ ಕರೆಂಟ್ ಹೆಡ್‌ಲೈಟ್, ಪಂಪಿಗೇ ಸರಿಹೋಗುತ್ತೆ.

ಅರ್ತ್ ಕಡೆ 0.6 ಜಾಸ್ತಿ. ಇಂಜಿನ್‌ಗೆ ಬರುವ ದಪ್ಪ ಮೈನಸ್ ಕೇಬಲ್ಲಿನ ಬೋಲ್ಟ್ ಬಿಚ್ಚಿ, ಕೇಬಲ್ ತುದಿಯ ಉಂಗುರದಂಥ ಕಣ್ಣು ಮತ್ತು ಅದು ಕೂರುವ ಲೋಹ ಎರಡನ್ನೂ ಹೊಳೆಯುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಮತ್ತೆ ಅಳೆದು 0.2 ಒಳಗೆ ಬಂದ ಮೇಲೆ ಹೊಸ ಬ್ಯಾಟರಿ ಕೊಳ್ಳಿ.

ಯಾವುದು ಅಂದರೆ: ಇಂಜೆಕ್ಷನ್ ಗಾಡಿಗೆ ಹೆಸರಾಂತ ಎಜಿಎಂ, ಅದೇ ಗಾತ್ರ. ಕಿಕ್ಕರ್ ಇಲ್ಲದ, ಪಂಪ್-ಇಸಿಯು-ಎಬಿಎಸ್ ಎಲ್ಲ ಒಂದೇ ಬ್ಯಾಟರಿಗೆ ಜೋತುಬಿದ್ದ ಕಡೆ ಉಳಿತಾಯ ಮಾಡಬೇಡಿ. ಹಳೇದಕ್ಕೆ ಗುರು ಹೇಳಿದ ಹಾಗೆ ನೀರಿನದೇ. 14.7ಕ್ಕೆ ಸೀಲ್ಡ್ ಹಾಕಲು ನನಗೂ ಮನಸ್ಸಿಲ್ಲ.

ಸೀಸದಪ್ಲೇಟು

ತುಂಬುವುದು ಕಷ್ಟವಲ್ಲ, ಆತುರ ಬೇಡ. ಆಸಿಡ್ ಬಾಟಲಿ ಬೇರೆಯಾಗಿ ಬರುವ ಬಿಎಸ್ ಮಾದರಿಯ ಲಾಭವೇ ಇದು, ಆಸಿಡ್ ಮುಟ್ಟುವವರೆಗೆ ಬ್ಯಾಟರಿ ಹೊಸದಾಗೇ ಇರುತ್ತೆ.

ಕನ್ನಡಕ, ಗ್ಲೌಸ್ ಹಾಕಿ, ಗಾಳಿಯಾಡುವ ಜಾಗದಲ್ಲಿ ಬ್ಯಾಟರಿ ಸಮತಟ್ಟಾಗಿ ಇಡಿ, ಗಾಡಿಯಲ್ಲಿ ಕೂರಿಸಿ ತುಂಬಬೇಡಿ. ಬಾಟಲಿಯ ಮೇಲಿನ ಆರು ಮುಚ್ಚಳದ ಪಟ್ಟಿ ತೆಗೆದು ಜೋಪಾನವಾಗಿಡಿ, ಆಮೇಲೆ ಬ್ಯಾಟರಿ ಮುಚ್ಚುವುದು ಅದರಿಂದಲೇ. ಬಾಟಲಿ ಬಾಯಿಯ ಬೆಳ್ಳಿ ಸೀಲನ್ನು ಸುಲಿಯಬಾರದು, ಚುಚ್ಚಲೂಬಾರದು. ಬ್ಯಾಟರಿ ಮೇಲಿನ ಹಾಳೆ ಕಿತ್ತು, ಬಾಟಲಿಯನ್ನು ತಲೆಕೆಳಗು ಮಾಡಿ ಆರು ತೂತಿಗೂ ಸರಿಯಾಗಿ ಒತ್ತಿ. ಆರರಿಂದಲೂ ಗುಳ್ಳೆ ಏಳಬೇಕು. ಒಂದರಲ್ಲಿ ಏಳದಿದ್ದರೆ ಬಾಟಲಿ ತಳ ಮೆಲ್ಲಗೆ ತಟ್ಟಿ, ಕಿತ್ತು ಮತ್ತೆ ಹಾಕಬೇಡಿ. 20 ನಿಮಿಷವಾದರೂ ಬಿಟ್ಟು, ಪೂರ್ತಿ ಖಾಲಿಯಾದ ಮೇಲೆ ತೆಗೆಯಿರಿ. ಆಸಿಡ್ ಆ ಬ್ಯಾಟರಿಗೆ ಅಳೆದು ಕೊಟ್ಟದ್ದು. ಬಾಟಲಿಯಲ್ಲಿ ಸ್ವಲ್ಪ ಉಳಿಸುವುದೂ ತಪ್ಪು, ಬೇರೆ ಅಂಗಡಿಯ ಬಿಡಿ ಆಸಿಡ್ ಹಾಕುವುದೂ ತಪ್ಪು. ಎಜಿಎಂ ಆಸಿಡ್ ನೀರಿನ ಬ್ಯಾಟರಿಯದ್ದಕ್ಕಿಂತ ಗಾಢ, ಸಾಂದ್ರತೆ 1.28 ಬದಲು 1.32ರ ಹತ್ತಿರ.

ಆಮೇಲೆ ಮುಚ್ಚಳದ ಪಟ್ಟಿ ಸಡಿಲವಾಗಿ ಇಟ್ಟು ಅರ್ಧದಿಂದ ಒಂದು ಗಂಟೆ ಸುಮ್ಮನೆ ಬಿಡಿ. ಗಾಜಿನ ಹಾಸು ಹೀರಿಕೊಳ್ಳಬೇಕು, ಡಬ್ಬ ಬೆಚ್ಚಗಾಗುತ್ತೆ, ಹೆದರಬೇಡಿ. ಈ ಹಂತದಲ್ಲೇ ಮೀಟರ್ 12.5 ತೋರಿಸುತ್ತೆ, ಎಷ್ಟೋ ಜನ ಹಾಗೇ ಗಾಡಿಗೆ ಹಾಕಿಬಿಡುತ್ತಾರೆ. ಮುಕ್ಕಾಲೇ ತುಂಬಿದ ಆ ಬ್ಯಾಟರಿ ಮುಂದೆಂದೂ ಪೂರ್ತಿ ಎಎಚ್ ಕೊಡುವುದಿಲ್ಲ, ಆಮೇಲೆ ಬೈಗುಳ ತಿನ್ನುವುದು ಕಂಪನಿ. 0.8 ಆಂಪ್‌ನಲ್ಲಿ 5ರಿಂದ 10 ಗಂಟೆ ಚಾರ್ಜ್ ಮಾಡಿ, ನಿಂತ ಮೇಲೆ 12.8 ಬಂದರೆ ಪಟ್ಟಿಯನ್ನು ಎರಡೂ ಕೈಯಿಂದ ಸಮವಾಗಿ ಒತ್ತಿ ಮುಚ್ಚಿ. ಮತ್ತೆ ಯಾವತ್ತೂ ತೆರೆಯಬಾರದು.

ಕೋಡ್ ಬಗ್ಗೆ ಒಂದು ಎಚ್ಚರ. ನಿಮ್ಮದು ವೈಟಿಎಕ್ಸ್9, ಪ್ಲಸ್ ಎಡಕ್ಕೆ. ಅಂಕಿಯ ನಂತರ ಎಲ್ ಅಕ್ಷರ ಇರುವ ಮಾದರಿಗಳಲ್ಲಿ ಪ್ಲಸ್ ಬಲಕ್ಕೆ ಬರುತ್ತೆ. ಗಾತ್ರ ಸರಿಹೊಂದಿತು ಅಂತ ತಂದು ಅಭ್ಯಾಸಬಲದಿಂದ ಉಲ್ಟಾ ಜೋಡಿಸಿದರೆ ಮೇನ್ ಫ್ಯೂಸ್ ಹೋಗುತ್ತೆ, ಅದೃಷ್ಟ ಕೆಟ್ಟಿದ್ದರೆ ರೆಗ್ಯುಲೇಟರ್ ಡಯೋಡೂ ಹೋಗುತ್ತೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು.

ಹ್ಯಾಂಡಲ್‌ಬಾರ್

ಅರ್ತ್ ಉಜ್ಜಿದ ಮೇಲೆ 0.1ಕ್ಕೆ ಬಂತು. ಆಸಿಡ್ ಬಾಟಲಿ ಇರುವ ಎಜಿಎಂ, ಹಳೇದಕ್ಕೆ ನೀರಿನದು, ಎರಡನ್ನೂ ತರುತ್ತೇನೆ. ಒಂದು ಸಣ್ಣ ಪೀಡೆ ಉಳಿದಿದೆ: ಟರ್ಮಿನಲ್ ಒಳಗಿನ ಚೌಕ ನಟ್ ಕೆಳಗೆ ಜಾರಿ ಬೋಲ್ಟಿಗೆ ಸಿಗುವುದೇ ಇಲ್ಲ. ಏನಾದರೂ ಉಪಾಯ?

ಕಿಕ್ಕರ್ ಗುರು

ನಟ್ ಕೆಳಗೆ ಸ್ಪಂಜಿನ ಸಣ್ಣ ಚೂರು ತುರುಕಿ, ಅದೇ ಎತ್ತಿ ಹಿಡಿಯುತ್ತೆ. ಬೋಲ್ಟ್ ಬೆರಳಲ್ಲಿ ಎರಡು ಮೂರು ಸುತ್ತು ಹಿಡಿದ ಮೇಲೆ ಸ್ಪ್ಯಾನರ್ ಹಾಕಿ. ಸೀಸ ಮೆತ್ತಗಿರುತ್ತೆ, ಜೋರು ಮಾಡಿದರೆ ಕಂಬವೇ ತಿರುಚಿಕೊಂಡು ಬುಡದಲ್ಲಿ ಆಸಿಡ್ ಒಸರುತ್ತೆ. ಕೇಬಲ್ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡದಷ್ಟು ಬಿಗಿ ಸಾಕು. ಟ್ರ್ಯಾಕರ್ ವೈರಿನ ಕಣ್ಣು ದಪ್ಪ ಕೇಬಲ್ಲಿನ ಮೇಲೆ ಬರಲಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಅಲ್ಲ.